ಬಾಟಲಿ ಹೊರೋನ ಐದು ದಿನ

ಐದು ದಿನದ ಸೈಕಲ್ ರೇಸ್ ಮುಗ್ಸಿ ಬಂದ್ಮೇಲೆ ಎಲ್ಲರೂ ಕೇಳೋದು ಒಂದೇ, "ಎಷ್ಟನೇ ಪ್ಲೇಸ್ ಬಂತು?" 94 ಅಂದ ತಕ್ಷಣ ಎದುರಿಗಿರೋರ ಮುಖ ಸಪ್ಪಗಾಗುತ್ತೆ, ಆಮೇಲೆ ಸಮಾಧಾನಕ್ಕೆ "ಮುಗಿಸಿದ್ದೇ ದೊಡ್ಡದು ಬಿಡಿ" ಅಂತಾರೆ. ಮೊದ್ಲು ಬೇಜಾರಾಗ್ತಿತ್ತು, ಈಗ ಇಲ್ಲ. 126 ಜನ ಸ್ಟಾರ್ಟ್ ಮಾಡಿದ್ವಿ, 101 ಜನ ಕೊನೇವರೆಗೆ ಉಳಿದ್ವಿ, ಗೆದ್ದೋನಿಗಿಂತ ನಾನು 39 ನಿಮಿಷ ಚಿಲ್ಲರೆ ಹಿಂದೆ. ಆದ್ರೆ ನನ್ನನ್ನ ಟೀಮಿಗೆ ತಗೊಂಡಿದ್ದೇ ಗೆಲ್ಲಕ್ಕಲ್ಲ. ನಾನು ಡೊಮೆಸ್ಟಿಕ್. ಫ್ರೆಂಚಲ್ಲಿ ಮನೆ ಕೆಲಸದವನು ಅಂತ ಅರ್ಥ, ಕೆಲಸನೂ ಹಾಗೇ ಇರುತ್ತೆ: ನೀರು ತರೋದು, ಗಾಳಿಗೆ ಅಡ್ಡ ನಿಲ್ಲೋದು, ಲೀಡರಿಗೆ ಪಂಕ್ಚರ್ ಆದ್ರೆ ನಮ್ಮ ಚಕ್ರ ಬಿಚ್ಚಿ ಕೊಡೋದು. ಇದೆಲ್ಲಾ ಮಾಡಿ ಮಾರನೇ ದಿನ ಮತ್ತೆ ಸ್ಟಾರ್ಟ್ ಲೈನಲ್ಲಿ ನಿಲ್ಲೋದು ಇದೆಯಲ್ಲಾ, ಅದೇ ನಮ್ಮ ನಿಜವಾದ ರೇಸ್. ಅದನ್ನ ಹೇಗೆ ಮಾಡ್ದೆ, ಎಲ್ಲೆಲ್ಲಿ ಕೆಟ್ಟೆ ಅನ್ನೋದನ್ನೇ ಬರೀತಿದ್ದೀನಿ.

ರೇಸ್ ಯಾವ ತರದ್ದು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಯುಸಿಐ (ಸೈಕ್ಲಿಂಗಿನ ಅಂತಾರಾಷ್ಟ್ರೀಯ ಒಕ್ಕೂಟ) ಕ್ಯಾಲೆಂಡರಲ್ಲಿ 2.2 ಅಂತ ಬರೋ ರೇಸ್ ಅದು. ಮುಂದಿರೋ 2 ಅಂದ್ರೆ ಸ್ಟೇಜ್ ರೇಸ್, ದಿನಕ್ಕೊಂದು ಸ್ಟೇಜ್, ಎಲ್ಲಾ ದಿನದ ಟೈಮ್ ಕೂಡಿಸಿ ಓವರಾಲ್ ಲೆಕ್ಕ (ಒಂದೇ ದಿನದ್ದಾದ್ರೆ 1 ಇರುತ್ತೆ), ಚುಕ್ಕಿ ಆದ್ಮೇಲಿರೋದು ದರ್ಜೆ. ಟಿವಿಯಲ್ಲಿ ನೋಡೋ ವರ್ಲ್ಡ್ ಟೂರ್ ಟೀಮ್‌ಗಳು ಇಲ್ಲಿ ಇರಲ್ಲ, ನಮ್ಮಂಥ ಕಾಂಟಿನೆಂಟಲ್ ಟೀಮ್‌ಗಳು, ನ್ಯಾಷನಲ್ ಟೀಮ್‌ಗಳು, ಕ್ಲಬ್ ಟೀಮ್‌ಗಳು. 21 ಟೀಮ್, ತಲಾ 6 ಜನ. ಕಿವಿಯಲ್ಲಿ ರೇಡಿಯೋ ಇಲ್ಲ, ಒಬ್ಬ ಬೈಕಿನ ಹಿಂದೆ ಕೂತು ಬೋರ್ಡ್ ಮೇಲೆ ಚಾಕಲ್ಲಿ ಮುಂದಿನೋರಿಗೂ ಹಿಂದಿನೋರಿಗೂ ಇರೋ ಟೈಮ್ ಗ್ಯಾಪ್ ಬರೆದು ತೋರಿಸ್ತಾ ಹೋಗ್ತಾನೆ ಅಷ್ಟೇ. ಒಂದು ಟೀಮಿಗೆ ಒಂದೇ ಕಾರು. ಈ ಒಂದೇ ಕಾರು ಅನ್ನೋದನ್ನ ನೆನಪಿಟ್ಕೊಳಿ, ನಾಲ್ಕನೇ ದಿನಕ್ಕೆ ಬೇಕಾಗುತ್ತೆ.

ತಯಾರಿ ಬಗ್ಗೆ ಉದ್ದ ಬರೆಯಲ್ಲ. ನಾನು ಮಾಡಿದ ತಪ್ಪು ಒಂದೇ, ತಿಂಗಳುಗಟ್ಟಲೆ 20 ನಿಮಿಷದ ಪವರ್ ನಂಬರ್ (ಅಷ್ಟು ಹೊತ್ತು ಎಷ್ಟು ವ್ಯಾಟ್ ತುಳೀಬಹುದು ಅನ್ನೋದು) ಹಿಂದೆ ಬಿದ್ದಿದ್ದು. ಫ್ರೆಶ್ ಕಾಲಲ್ಲಿ 340 ವ್ಯಾಟ್ ಬಂತು ಅಂತ ಖುಷಿ ಪಡೋದು, ಎರಡು ದಿನ ರೆಸ್ಟ್ ತಗೊಳೋದು, ಮತ್ತೆ ಟೆಸ್ಟ್ ಮಾಡೋದು. ಸ್ಟೇಜ್ ರೇಸಲ್ಲಿ ಫ್ರೆಶ್ ಕಾಲು ಇರೋದು ಮೊದಲನೇ ದಿನ ಮಾತ್ರ ಸ್ವಾಮಿ. ನಾಲ್ಕನೇ ದಿನ ನಾಲ್ಕು ಗಂಟೆ ತುಳಿದಾದ್ಮೇಲೆ ಎಷ್ಟು ಬರುತ್ತೆ ಅನ್ನೋದೇ ನಿಜವಾದ ನಂಬರ್. ಕೊನೆ ಆರು ವಾರ ನಮ್ಮ ಕೋಚ್ ಬೈದು ಮೂರು ದಿನ ಸತತ ಉದ್ದ ರೈಡ್ ಹಾಕಿಸಿದ್ರು, ಮೂರನೇ ದಿನದ ಕೊನೇಲಿ ಏರು. ಅದರ ಜೊತೆ ಹೊಟ್ಟೆಗೂ ಟ್ರೇನಿಂಗ್, ಗಂಟೆಗೆ 90 ಗ್ರಾಂ ಕಾರ್ಬ್ ಒಳಗೆ ಹಾಕಿ ವಾಂತಿ ಆಗದೆ ತುಳಿಯೋದು. ಗ್ಲೂಕೋಸ್ ಒಂದನ್ನೇ ಕುಡಿದ್ರೆ ಗಂಟೆಗೆ 60 ಗ್ರಾಂ ಮೇಲೆ ಕರುಳು ಹೀರಲ್ಲ, ಫ್ರಕ್ಟೋಸ್ ಸೇರಿಸಿದ್ರೆ ಅದಕ್ಕೆ ಬೇರೆ ದಾರಿ ಇರೋದ್ರಿಂದ ಇನ್ನಷ್ಟು ಹೋಗುತ್ತೆ. ಮೊದಲ ವಾರ ಹೊಟ್ಟೆ ಡ್ರಮ್ ತರ ಆಗ್ತಿತ್ತು, ಮೂರನೇ ವಾರಕ್ಕೆ ಒಗ್ಗಿಹೋಯ್ತು.

ಮೊದಲ ದಿನ ಫ್ಲಾಟ್. ಎಲ್ಲರ ಕಾಲಲ್ಲೂ ಶಕ್ತಿ ಇರುತ್ತೆ, ಎಲ್ಲರಿಗೂ ಮುಂದೇನೇ ಇರ್ಬೇಕು, ರಸ್ತೆ ಮಾತ್ರ ಅಷ್ಟೇ ಅಗಲ. ಮೊಣಕೈ, ಹ್ಯಾಂಡಲ್, ಬೈಗುಳ. ಗುಂಪಿನ ನಡುಮಧ್ಯ ಇದ್ರೆ ಗಾಳಿ ಅನ್ನೋದೇ ಗೊತ್ತಾಗಲ್ಲ. 121 ಸವಾರರ ಗುಂಪಿನ ಮೇಲೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಳಗೆ ಹಿಂಭಾಗದಲ್ಲಿ ಇರೋನಿಗೆ ತಗಲೋ ಗಾಳಿ ತಡೆ ಒಬ್ಬನೇ ತುಳಿಯೋನಿಗೆ ಹೋಲಿಸಿದ್ರೆ 5ರಿಂದ 10 ಪರ್ಸೆಂಟ್ ಅಷ್ಟೇ ಅಂತ ಬಂದಿತ್ತು. ಕೂತು ನೋಡಿದ್ರೆ ನಿಜ ಅನ್ಸುತ್ತೆ, 48ರ ಸ್ಪೀಡಲ್ಲಿ ಒಮ್ಮೊಮ್ಮೆ ಪೆಡಲ್ ನಿಲ್ಲಿಸಿ ಬ್ರೇಕ್ ಮೇಲೆ ಬೆರಳಿಡ್ಬೇಕು. ಆದ್ರೆ ಆ ಸುಖ ಡೊಮೆಸ್ಟಿಕ್‌ಗೆ ಸಿಗೋದು ಕಮ್ಮಿ, ಯಾಕಂದ್ರೆ ಅಷ್ಟರಲ್ಲಿ ಯಾರಿಗೋ ಬಾಯಾರಿಕೆ ಆಗಿರುತ್ತೆ.

ಬಾಟಲಿ ತರೋದು ಹೇಗೆ ಅಂತ ಯಾರೂ ಕಲಿಸಲ್ಲ, ಹಾಗಾಗಿ ಇದನ್ನ ವಿವರವಾಗಿ ಬರೀತೀನಿ. ಗುಂಪಿನ ಬಾಲಕ್ಕೆ ಬಂದು ಕೈ ಎತ್ತಬೇಕು. ಹಿಂದೆ ಕಮಿಸೇರ್ ಅಂದ್ರೆ ರೇಸ್ ಅಧಿಕಾರಿಗಳ ಕಾರು ಇರುತ್ತೆ, ಅವರು ರೇಸ್ ರೇಡಿಯೋದಲ್ಲಿ ನಮ್ಮ ಟೀಮ್ ಕಾರನ್ನ ಕರೀತಾರೆ. ಕಾರುಗಳ ಸಾಲಿಗೆ ನಂಬರ್ ಇರುತ್ತೆ, ಎರಡನೇ ದಿನದಿಂದ ಓವರಾಲಲ್ಲಿ ಯಾವ ಟೀಮಿನವನು ಮುಂದಿದ್ದಾನೋ ಆ ಟೀಮ್ ಕಾರು ಮುಂದೆ. ಮೊದಲ ದಿನ ನಮ್ಮ ಕಾರು 14ನೇದು. ಅಂದ್ರೆ ನಾನು 13 ಕಾರು ದಾಟಿ ಹಿಂದಕ್ಕೆ ಹೋಗೋದಾದ್ರೂ ಹೋಗ್ಬೇಕು, ಇಲ್ಲ ನಮ್ಮ ಕಾರು ನುಗ್ಗಿ ಬರೋವರೆಗೆ ಕಾಯ್ಬೇಕು. ಕಿಟಕಿ ಪಕ್ಕ ಬಂದ್ಮೇಲೆ ಡಿಎಸ್ (ಕಾರಲ್ಲಿ ಕೂತು ಟೀಮ್ ನಡೆಸೋ ಡೈರೆಕ್ಟರ್) ಒಂದೊಂದೇ ಬಾಟಲಿ ಕೊಡ್ತಾರೆ. ಜೇಬಿಗೆ ಎರಡು, ಬೆನ್ನ ಮೇಲೆ ಜರ್ಸಿ ಒಳಗೆ ಮೂರು, ಎದೆ ಮೇಲೆ ಎರಡು, ಎಲ್ಲಾ ಸೇರಿ ಏಳು. ಒಂದೊಂದು 600 ಎಂಎಲ್ ಅಂದ್ರೆ ನಾಲ್ಕು ಕೆಜಿ ದಾಟ್ತು. ಸೈಕಲ್ ಕನಿಷ್ಠ 6.8 ಕೆಜಿ ಇರ್ಲೇಬೇಕು ಅಂತ ಯುಸಿಐ ನಿಯಮ, ಅದರಲ್ಲಿ ಹತ್ತು ಗ್ರಾಂ ಉಳಿಸಕ್ಕೆ ಮೆಕ್ಯಾನಿಕ್ ಅಣ್ಣ ಟೈಟಾನಿಯಂ ಬೋಲ್ಟ್ ಹುಡುಕ್ತಿರ್ತಾರೆ, ಇಲ್ಲಿ ನಾನು ಬೆನ್ನಿಗೆ ಅರ್ಧ ಸೈಕಲ್ಲಿಗಿಂತ ಜಾಸ್ತಿ ತೂಕ ಕಟ್ಕೊಂಡು ತುಳೀತಿರ್ತೀನಿ.

ಐಸ್ ನೀರಿನ ಬಾಟಲಿ ಬೆನ್ನಿಗೆ ತಾಗಿದ ಕೂಡ್ಲೇ ಉಸಿರು ಒಂದ್ಸಲ ನಿಂತಂಗಾಗುತ್ತೆ. ಎದೆ ಮೇಲಿಟ್ಟಿದ್ದು ಜಾರಿ ಹೊಟ್ಟೆ ಹತ್ರ ಬಂದು ಮೊಣಕಾಲಿಗೆ ಬಡಿಯುತ್ತೆ. ಜಿಪ್ ಮೇಲಕ್ಕೆ ಪೂರ್ತಿ ಎಳ್ಕೊಂಡು ಆಮೇಲೆ ಬಾಟಲಿ ತಗೊಳ್ಳೋದು, ಉಲ್ಟಾ ಮಾಡಿದ್ರೆ ಕೆಟ್ಟೆ. ಕೊನೇ ಬಾಟಲಿ ಕೊಡುವಾಗ ಡಿಎಸ್ ಅದನ್ನ ಒಂದು ಕ್ಷಣ ಜಾಸ್ತಿ ಹಿಡ್ಕೊಂಡಿರ್ತಾರೆ, ನಾವೂ ಹಿಡ್ಕೊಂಡಿರ್ತೀವಿ, ಕಾರು ಎಳ್ಕೊಂಡು ಹೋಗುತ್ತೆ. ಒಂದು ಸೆಕೆಂಡಾದ್ರೆ ಕಮಿಸೇರ್ ಆ ಕಡೆ ನೋಡ್ತಾರೆ, ಅದಕ್ಕಿಂತ ಜಾಸ್ತಿ ಆದ್ರೆ ದಂಡ. 2015ರ ವುಎಲ್ಟಾದಲ್ಲಿ (ಸ್ಪೇನಿನ ದೊಡ್ಡ ಸ್ಟೇಜ್ ರೇಸ್) ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ನಿಬಾಲಿಯಂಥವನನ್ನೇ ಎರಡನೇ ಸ್ಟೇಜಲ್ಲಿ ಕಾರು ಹಿಡ್ಕೊಂಡಿದ್ದಕ್ಕೆ ರೇಸಿಂದಲೇ ಹೊರಗೆ ಹಾಕಿದ್ರು, ನನ್ನಂಥವನ ಪಾಡೇನು. ಆಮೇಲೆ ಒಂದೊಂದು ಕಾರಿನ ಹಿಂದೆ ಗಾಳಿ ತಪ್ಪಿಸ್ಕೊಂಡು ಹಾರ್ತಾ ಹಾರ್ತಾ ಗುಂಪಿಗೆ ಬಂದು, ಮತ್ತೆ 100 ಜನರ ಸಂದಿಯಲ್ಲಿ ನುಗ್ಗಿ ಮುಂದೆ ಹೋಗಿ ಹಂಚಬೇಕು. ಮೊದಲ ದಿನ ಮೂರು ಸಲ ಹೋದೆ. ಸಂಜೆ ನಮ್ಮ ಸ್ಪ್ರಿಂಟರ್ (ಫಿನಿಶ್ ಹತ್ರ ಜೋರಾಗಿ ನುಗ್ಗೋನು) ಎರಡನೇ ಪ್ಲೇಸ್, ಅವನ ಒಟ್ಟು ಟೈಮಲ್ಲಿ ಕಳೆಯೋ 6 ಸೆಕೆಂಡ್ ಬೋನಸ್ (ಮೊದಲನೆಯವನಿಗೆ 10, ಮೂರನೆಯವನಿಗೆ 4). ನನಗೆ ಅವತ್ತು ಲೋಕವೇ ಸುಂದರವಾಗಿ ಕಾಣ್ತಿತ್ತು.

ಎರಡನೇ ದಿನ ಎಡವಟ್ಟು ಮಾಡ್ಕೊಂಡೆ. ಬೆಳಗ್ಗೆ ಮೀಟಿಂಗಲ್ಲಿ ಡಿಎಸ್ ಮ್ಯಾಪ್ ತೋರಿಸಿ ಹೇಳಿದ್ರು, "92ನೇ ಕಿಲೋಮೀಟರಲ್ಲಿ ರಸ್ತೆ ಬಲಕ್ಕೆ ತಿರುಗುತ್ತೆ, ಬಯಲು, ಗಾಳಿ ಪಕ್ಕದಿಂದ ಹೊಡೆಯುತ್ತೆ, 85ರಿಂದ ಎಲ್ಲರೂ ಮುಂದಿರಿ." ನಾನು ತಲೆ ಆಡಿಸ್ದೆ. 84ರಲ್ಲಿ ಸ್ಪ್ರಿಂಟರ್ ತಿರುಗಿ ಖಾಲಿ ಬಾಟಲಿ ಅಲ್ಲಾಡಿಸ್ದ. ಹೋಗಿ ಬರೋಣ ಬಿಡು, ಐದು ನಿಮಿಷದ ಕೆಲಸ ಅಂತ ಹಿಂದೆ ಹೋದೆ. ಕಾರಿನ ಸಾಲಲ್ಲಿ ಲೇಟಾಯ್ತು, ಏಳು ಬಾಟಲಿ ತುಂಬ್ಕೊಂಡು ಬಾಲಕ್ಕೆ ಬರೋ ಹೊತ್ತಿಗೆ ಮುಂದೆ ತಿರುವು ಬಂದೇಬಿಟ್ಟಿತ್ತು.

ಪಕ್ಕದ ಗಾಳಿ ಅಂದ್ರೆ ಏನಾಗುತ್ತೆ ಅಂದ್ರೆ, ಒಬ್ಬರ ಹಿಂದೆ ಒಬ್ಬರು ನೆಟ್ಟಗೆ ನಿಂತ್ರೆ ಮರೆ ಸಿಗಲ್ಲ, ಓರೆಯಾಗಿ ರಸ್ತೆ ಅಡ್ಡಕ್ಕೆ ಸಾಲು ಕಟ್ಟಬೇಕು. ರಸ್ತೆ ಅಗಲ ಮುಗಿದ ಕಡೆ ಸಾಲೂ ಮುಗೀತು, ಒಂದು ಹದಿನೈದು ಜನಕ್ಕೆ ಜಾಗ. ಹದಿನಾರನೆಯವನು ರಸ್ತೆ ಅಂಚಿನ ಬಿಳಿ ಗೆರೆ ಮೇಲೆ ಒದ್ದಾಡ್ತಾ ಪೂರ್ತಿ ಗಾಳಿ ತಿಂತಾನೆ, ಅವನು ಒಂದು ಸೈಕಲ್ ಉದ್ದ ಬಿಟ್ಟ ಅಂದ್ರೆ ಅವನ ಹಿಂದಿರೋ ನೂರು ಜನರ ದಿನ ಮುಗೀತು. ಹತ್ತು ನಿಮಿಷದಲ್ಲಿ ಗುಂಪು ನಾಲ್ಕು ತುಂಡು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗೇ. ನಾನು ಮೂರನೇ ತುಂಡಲ್ಲಿ, ಎದೆ ಬೆನ್ನಲ್ಲಿ ಏಳು ಬಾಟಲಿ, ಅದನ್ನ ಕುಡೀಬೇಕಾದೋರೆಲ್ಲಾ ಕಣ್ಣಿಗೆ ಕಾಣದಷ್ಟು ಮುಂದೆ.

ಎಸೆದುಬಿಡೋಣ ಅಂದ್ರೆ ಅದಕ್ಕೆ ಗೊತ್ತು ಮಾಡಿರೋ ಜಾಗದಲ್ಲೇ ಎಸೀಬೇಕು, ಬೇರೆ ಕಡೆ ಬಿಸಾಡಿದ್ರೆ ದಂಡ ಬೀಳುತ್ತೆ. ಇಟ್ಕೊಂಡು ತುಳಿಯೋಣ ಅಂದ್ರೆ ನಾಲ್ಕು ಕೆಜಿ. ಪಕ್ಕದಲ್ಲಿ ಬೇರೆ ಟೀಮಿನ ಒಬ್ಬ ಹುಡುಗ ತುಟಿ ಒಣಗಿಸ್ಕೊಂಡು ತುಳೀತಿದ್ದ, ಅವನಿಗೊಂದು ಕೊಟ್ಟೆ. ಆಮೇಲೆ ಅವನ ಹಿಂದಿನವನಿಗೆ. ಹೀಗೆ ಆರು ಬಾಟಲಿ ಗೊತ್ತಿಲ್ಲದೋರಿಗೆ ಹಂಚಿ ಒಂದು ನಾನಿಟ್ಕೊಂಡೆ. 6 ನಿಮಿಷ 40 ಸೆಕೆಂಡ್ ಹಿಂದೆ ಬಂದು ಮುಟ್ಟಿದ್ವಿ. ಸ್ಪ್ರಿಂಟರ್ ಮುಂದಿನ ತುಂಡಲ್ಲೇ ಇದ್ನಂತೆ, ಆದ್ರೆ ಕೊನೇ ನಲವತ್ತು ಕಿಮೀ ನೀರಿಲ್ಲದೆ ಕಾಲು ಹಿಡ್ಕೊಂಡು ಸ್ಪ್ರಿಂಟಲ್ಲಿ ಏಳನೆಯವನಾದ. ಊಟದ ಟೇಬಲಲ್ಲಿ ಒಂದೇ ಮಾತು ಕೇಳ್ದ, "ನನ್ ಬಾಟ್ಲಿ ಎಲ್ಲೋ?" ಯಾರ್ಯಾರಿಗೋ ಹಂಚಿದೆ ಅಂತ ಹೇಳೋ ಧೈರ್ಯ ಬರ್ಲಿಲ್ಲ.

ಸಂಜೆಗಳ ಬಗ್ಗೆ ಹೇಳ್ಬೇಕು, ಯಾಕಂದ್ರೆ ಸ್ಟೇಜ್ ರೇಸ್ ಅರ್ಧ ನಡೆಯೋದು ಅಲ್ಲೇ. ಫಿನಿಶ್ ದಾಟಿದ ಅರ್ಧ ಗಂಟೆಯೊಳಗೆ ಅನ್ನನೋ ಪಾಸ್ತಾನೋ ಒಂದು ಡಬ್ಬಿ, ಜೊತೆಗೆ ಪ್ರೋಟೀನ್. ಹಸಿವಿಲ್ಲ ಅಂದ್ರೂ ತಿನ್ನೋದು. ಮೊದಲ ನಾಲ್ಕು ಗಂಟೆ ಗಂಟೆಗೊಂದು ಸಲ, ಮೈತೂಕದ ಕೆಜಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಾರ್ಬ್. ಡ್ರಿಪ್ ಗಿಪ್ ಅಂತ ಏನೂ ಹಾಕಿಸ್ಕೊಳ್ಳೋ ಹಾಗಿಲ್ಲ, ಸುಸ್ತು ಕಳೆಯಕ್ಕೆ ಅಂತ ಸೂಜಿ ಚುಚ್ಚಿಸ್ಕೊಳ್ಳೋದನ್ನ ಯುಸಿಐ 2011ರಲ್ಲೇ ನಿಲ್ಲಿಸಿದೆ, ಏನಿದ್ರೂ ಬಾಯಿಂದಲೇ ಹೋಗ್ಬೇಕು. ಶಾರ್ಟ್ಸ್ ಬಿಚ್ಚಿ ತಕ್ಷಣ ಸ್ನಾನ, ಕೂರೋ ಜಾಗ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸ್ಬೇಕು. ಇದನ್ನ ಬರೆಯಕ್ಕೆ ನಾಚಿಕೆ ಪಡ್ಬಾರ್ದು, ಅಲ್ಲಿ ಒಂದು ಕುರು ಎದ್ರೆ ಎಂಥಾ ಕಾಲಿದ್ರೂ ಉಪಯೋಗ ಇಲ್ಲ, ನಮ್ಮ ಟೀಮಲ್ಲೇ ಒಬ್ಬ ಮೂರನೇ ದಿನದಿಂದ ಸೀಟಲ್ಲಿ ವಾರೆಯಾಗಿ ಕೂತು ಮೊಣಕಾಲು ಕೆಡಿಸ್ಕೊಂಡ. ನಿಂತಿರೋ ಬದ್ಲು ಕೂರೋದು, ಕೂರೋ ಬದ್ಲು ಮಲಗೋದು, ಮೆಟ್ಟಿಲು ಹತ್ತೋ ಬದ್ಲು ಲಿಫ್ಟ್. ಸೋಂಬೇರಿತನಕ್ಕೆ ಶಿಸ್ತು ಬೇಕು ಅಂತ ಅಲ್ಲೇ ಗೊತ್ತಾಗಿದ್ದು.

ಮೂರನೇ ದಿನ ಟೈಮ್ ಟ್ರಯಲ್, ಅಂದ್ರೆ ಒಬ್ಬೊಬ್ಬರೇ ಗಡಿಯಾರದ ಎದುರು, 16 ಕಿಮೀ. ಓವರಾಲಲ್ಲಿ ಹಿಂದಿರೋರು ಮೊದಲು ಹೊರಡ್ತಾರೆ, ನನ್ನ ಸರದಿ ಬೇಗ ಮುಗೀತು, ಮಧ್ಯಾಹ್ನವೆಲ್ಲಾ ಮಲಗಿದ್ದೆ. ನನಗೆ ಬಂದ ಆರ್ಡರ್ "ಕಾಲು ಉಳಿಸ್ಕೊ, ಔಟ್ ಆಗ್ಬೇಡ". ಗೆದ್ದೋನು ಸರಿಯಾಗಿ 20 ನಿಮಿಷ, ಕಟ್ (ಗೆದ್ದೋನಿಗಿಂತ ಎಷ್ಟು ಹಿಂದೆ ಬರ್ಬೋದು ಅನ್ನೋ ಮಿತಿ) 25 ಪರ್ಸೆಂಟ್, ಅಂದ್ರೆ 25 ನಿಮಿಷದೊಳಗೆ ಬಂದ್ರೆ ಸಾಕು. 23:40ಕ್ಕೆ ಬಂದೆ. ಆರಾಮಾಗಿ ತುಳಿದೆ ಅಂತ ಹೇಳ್ಕೊಂಡ್ರೂ 40ರ ಮೇಲೆ ಒಬ್ಬನೇ ತುಳಿಯೋದು ಆರಾಮೇನಲ್ಲ.

ನಾಲ್ಕನೇ ದಿನ. 148 ಕಿಮೀ, ಮೂರು ಏರು, ಕೊನೇ ಏರಿನ ತುದೀಲೇ ಫಿನಿಶ್. ರೋಡ್‌ಬುಕ್ಕಲ್ಲಿ (ದಾರಿ, ನಿಯಮ ಎಲ್ಲಾ ಇರೋ ರೇಸಿನ ಪುಸ್ತಕ) ಟೈಮ್ ಕಟ್ 12 ಪರ್ಸೆಂಟ್ ಅಂತಿತ್ತು. ಅಂದ್ರೆ ಗೆದ್ದೋನ ಟೈಮಿಗೆ 12 ಪರ್ಸೆಂಟ್ ಸೇರಿಸಿದ್ರೆ ಎಷ್ಟಾಗುತ್ತೋ ಅಷ್ಟರೊಳಗೆ ಬರ್ಬೇಕು, ಇಲ್ಲಾಂದ್ರೆ ಮಾರನೇ ದಿನ ಸ್ಟಾರ್ಟ್ ಇಲ್ಲ. ಬೆಳಗ್ಗೆ ಡಿಎಸ್ ನನ್ನನ್ನ ಪಕ್ಕಕ್ಕೆ ಕರೆದು, "ಕಾರು ಕ್ಲೈಂಬರ್ ಹಿಂದೆ ಹೋಗುತ್ತೆ, ಹಿಂದೆ ನಿಮಗೆ ಯಾರೂ ಇರಲ್ಲ. ಸ್ಪ್ರಿಂಟರನ್ನ ನಾಳೆಗೆ ಉಳಿಸ್ಕೊಂಡು ಬಾ, ಅದೊಂದೇ ಕೆಲಸ ನಿಂದು" ಅಂದ್ರು. ನಾಳೆ ಫ್ಲಾಟ್ ಸ್ಟೇಜ್, ಟೀಮಿಗೆ ಗೆಲ್ಲೋ ಚಾನ್ಸ್ ಇರೋದು ಅದೊಂದ್ರಲ್ಲೇ.

ಲೆಕ್ಕ ಹಾಕ್ಕೊಂಡಿದ್ದು ಹೀಗೆ: ಗೆಲ್ಲೋನಿಗೆ 4 ಗಂಟೆ 10 ನಿಮಿಷ ಬೇಕಾಗ್ಬೋದು, ಅದು 250 ನಿಮಿಷ, 12 ಪರ್ಸೆಂಟ್ ಅಂದ್ರೆ 30 ನಿಮಿಷ, ಸೋ 4:40ಕ್ಕೆ ಬಾಗಿಲು ಮುಚ್ಚುತ್ತೆ. ಹ್ಯಾಂಡಲ್ ಮೇಲೆ ಪೆನ್ನಲ್ಲಿ 4:40 ಅಂತ ಬರ್ಕೊಂಡೆ. ಈ ಒಂದು ನಂಬರೇ ನಮ್ಮನ್ನ ಮುಳುಗಿಸ್ತಿತ್ತು.

ಮೊದಲ ಏರಿನ ಅರ್ಧಕ್ಕೇ ಸ್ಪ್ರಿಂಟರ್ ಹಿಂದೆ ಬಿದ್ದ. 78 ಕೆಜಿ ಆಸಾಮಿ, ಫ್ಲಾಟಲ್ಲಿ ರಾಕ್ಷಸ, ಏರು ಬಂದ್ರೆ ಲಾರಿ. ಇಳಿಜಾರಲ್ಲಿ ಸೇರ್ಕೊಂಡ್ವಿ, ಎರಡನೇ ಏರಲ್ಲಿ ಮತ್ತೆ ಬಿದ್ವಿ, ಅಲ್ಲಿ ಗ್ರುಪೆಟ್ಟೊ ಕಟ್ಕೊಂಡ್ತು. ಇಟಾಲಿಯನಲ್ಲಿ ಸಣ್ಣ ಗುಂಪು ಅಂತ, ಕೆಲವರು ಬಸ್ಸು ಅಂತಾರೆ. ಸ್ಪ್ರಿಂಟರ್‌ಗಳು, ಹುಷಾರಿಲ್ಲದೋರು, ಬಿದ್ದು ಗಾಯ ಮಾಡ್ಕೊಂಡೋರು, ನನ್ನಂಥ ಬಾಟಲಿ ಹೊರೋರು, ಒಟ್ಟು 34 ಜನ. ದೊಡ್ಡ ರೇಸುಗಳಲ್ಲಿ ಇದನ್ನ ನಡೆಸೋದ್ರಲ್ಲಿ ಆಸ್ಟ್ರಿಯಾದ ಸವಾರ ಬರ್ನ್‌ಹಾರ್ಡ್ ಐಸೆಲ್ ಹೆಸರುವಾಸಿಯಾಗಿದ್ದ, ಎಲ್ಲಾ ಟೀಮಿನವರೂ ಅವನ ಮಾತು ಕೇಳೋರು. ನಮ್ಮ ಬಸ್ಸಿಗೆ ಅಂಥಾ ಡ್ರೈವರ್ ಇರ್ಲಿಲ್ಲ, ಆದ್ರೆ ನಿಯಮ ಎಲ್ಲರಿಗೂ ಗೊತ್ತಿತ್ತು: ಏರಲ್ಲಿ ಯಾರೂ ಜೋರು ಮಾಡೋ ಹಾಗಿಲ್ಲ, ಅತೀ ನಿಧಾನದವನಿಗೆ ಉಸಿರು ಸಿಗೋ ಸ್ಪೀಡು, ಇಳಿಜಾರಲ್ಲಿ ಮತ್ತೆ ಫ್ಲಾಟಲ್ಲಿ ಜೀವ ಬಿಟ್ಟು ತುಳಿಯೋದು, ಎಲ್ಲರೂ ಸರದಿ ಎಳೆಯೋದು. ಏರಲ್ಲಿ ಕಳ್ಕೊಂಡಿದ್ದನ್ನ ಏರಲ್ಲೇ ತಗೊಳಕ್ಕೆ ಹೋದ್ರೆ ಗುಂಪು ಒಡೆಯುತ್ತೆ, ಗುಂಪು ಒಡೆದ್ರೆ ಕಣಿವೆಯಲ್ಲಿ ಗಾಳಿಗೆ ಎಲ್ಲರೂ ಸಾಯ್ತೀವಿ.

ಎರಡನೇ ಏರಿನ ತುದೀಲಿ ನ್ಯೂಟ್ರಲ್ ಸರ್ವಿಸ್ (ಎಲ್ಲಾ ಟೀಮಿಗೂ ಸಹಾಯ ಮಾಡೋರು) ಬೈಕಿನವನು ಪಕ್ಕ ಬಂದ. ಗ್ಯಾಪ್ ಎಷ್ಟು ಅಂದೆ. "ಮುಂದಿನೋರು ಇಲ್ಲಿ ದಾಟಿ 17 ನಿಮಿಷ ಆಯ್ತು" ಅಂದ, ಆಮೇಲೆ ಹೋಗ್ತಾ ಹೋಗ್ತಾ, "ಶೆಡ್ಯೂಲಿಗಿಂತ ಏಳೆಂಟು ನಿಮಿಷ ಬೇಗ ಹೋಗ್ತಿದಾರೆ" ಅಂತ ಒಂದು ಮಾತು ಬಿಟ್ಟು ಹೋದ.

17 ನಿಮಿಷ ಅಂದ್ರೆ ನಮ್ಮ 30ರಲ್ಲಿ ಇನ್ನೂ 13 ಇದೆ ಅಂತ ಪಕ್ಕದವನು ನಿಟ್ಟುಸಿರು ಬಿಟ್ಟ. ನನಗೆ ಆ ಏಳೆಂಟು ನಿಮಿಷ ಅನ್ನೋದು ಕಿವಿಯಲ್ಲೇ ಉಳ್ಕೊಂಡ್ತು. ಇಳಿಜಾರಲ್ಲಿ ಲೆಕ್ಕ ಹಾಕಕ್ಕೆ ಶುರು ಮಾಡ್ದೆ, ಸಕ್ಕರೆ ಕಮ್ಮಿಯಾದ ತಲೇಲಿ ಮಗ್ಗಿ ಹೇಳೋದು ಎಷ್ಟು ಕಷ್ಟ ಅಂತ ತುಳಿದೋರಿಗೇ ಗೊತ್ತು. ಗೆಲ್ಲೋನು 8 ನಿಮಿಷ ಬೇಗ ಬಂದ್ರೆ, 4:02. ಅದು 242 ನಿಮಿಷ. ಅದರ 12 ಪರ್ಸೆಂಟ್ 29 ನಿಮಿಷ. ಬಾಗಿಲು ಮುಚ್ಚೋದು 4:40ಕ್ಕಲ್ಲ, 4:31ಕ್ಕೆ. ಅವನು 8 ನಿಮಿಷ ಬೇಗ ಬಂದ್ರೆ ನಮ್ಮ ಬಾಗಿಲು 9 ನಿಮಿಷ ಬೇಗ ಮುಚ್ಚುತ್ತೆ. ಮೇಲಾಗಿ ನನ್ನ ಸೈಕಲ್ ಕಂಪ್ಯೂಟರ್ ತೋರಿಸ್ತಿದ್ದ ಟೈಮಲ್ಲಿ ಸ್ಟಾರ್ಟಿಗೆ ಮುಂಚಿನ ನ್ಯೂಟ್ರಲ್ ಓಡಾಟದ 9 ನಿಮಿಷನೂ ಸೇರಿತ್ತು, ರೇಸ್ ಟೈಮ್ ನಿಜವಾಗಿ ಶುರುವಾಗೋ ಕಿಲೋಮೀಟರ್ ಸೊನ್ನೆಯಲ್ಲಿ ಲ್ಯಾಪ್ ಬಟನ್ ಒತ್ತಕ್ಕೆ ಮರ್ತಿದ್ದೆ. ಹೀಗೆ ಕೂಡಿ ಕಳೆದು ತಲೆ ಗಿರ್ರಂತು.

ಎಲ್ಲರಿಗೂ ಕೂಗಿ ಹೇಳ್ದೆ, 4:31, 4:31 ಅಂತ. ಒಬ್ಬ ನಂಬಲಿಲ್ಲ, "34 ಜನ ಇದೀವಿ ಮಾರಾಯ, ಇಷ್ಟೂ ಜನರನ್ನ ಹೊರಗೆ ಹಾಕ್ತಾರಾ?" ಅಂದ. ಅವನ ತಲೇಲಿದ್ದಿದ್ದು 2016ರ ವುಎಲ್ಟಾ, ಫೋರ್ಮಿಗಾಲ್ ಸ್ಟೇಜಲ್ಲಿ 90ಕ್ಕೂ ಹೆಚ್ಚು ಜನ ಟೈಮ್ ಮೀರಿ ಬಂದ್ರೂ ಕಮಿಸೇರ್‌ಗಳು ಉಳಿಸ್ಕೊಂಡಿದ್ದು. ಅಲ್ಲಿ ಅರ್ಧಕ್ಕಿಂತ ಜಾಸ್ತಿ ರೇಸೇ ಹಿಂದಿತ್ತು, ಅವರನ್ನೆಲ್ಲಾ ಕಳಿಸಿದ್ರೆ ಮಾರನೇ ದಿನ ರೇಸಿಗೆ ಜನ ಎಲ್ಲಿಂದ ಬರ್ಬೇಕಿತ್ತು. ನಮ್ಮನ್ನ ಕಳಿಸಿದ್ರೆ ಇನ್ನೂ 70 ಜನ ಉಳೀತಾರೆ, ಯಾರಿಗೂ ಏನೂ ಕಮ್ಮಿ ಆಗಲ್ಲ. 2018ರ ಟೂರ್ ಡಿ ಫ್ರಾನ್ಸಲ್ಲಿ ಲಾ ರೋಸಿಯೇರ್ ಏರಲ್ಲಿ ಕ್ಯಾವೆಂಡಿಶ್, ಕಿಟಲ್ ಅನ್ನೋ ದೊಡ್ಡ ಸ್ಪ್ರಿಂಟರ್‌ಗಳು ಇಬ್ಬರೂ ಒಂದೇ ದಿನ ಔಟ್ ಆದ್ರು, ಅವರ ಹೆಸರು ನೋಡಿ ಯಾರೂ ಗಡಿಯಾರ ನಿಲ್ಲಿಸ್ಲಿಲ್ಲ.

ಕಣಿವೆಯ 30 ಕಿಮೀ ಈ ಐದು ದಿನದಲ್ಲೇ ನಾನು ತುಳಿದ ಅತೀ ಒಳ್ಳೆ 30 ಕಿಮೀ. ಇಪ್ಪತ್ತೈದು ಜನ ಸರದಿಗೆ ಬಂದ್ರು, ಹತ್ತು ಹತ್ತು ಸೆಕೆಂಡ್ ಎಳೆದು ಪಕ್ಕಕ್ಕೆ ಸರಿಯೋದು, ಯಾರೂ ಬೈಯಲಿಲ್ಲ, ಯಾರೂ ಕಳ್ಳಾಟ ಆಡ್ಲಿಲ್ಲ. ಸ್ಪ್ರಿಂಟರ್‌ಗಳು ಫ್ಲಾಟಲ್ಲಿ ಎಳೆಯೋದು ನೋಡ್ಬೇಕು, ಅವರ ಹಿಂದೆ ಕೂತ್ರೆ ಬಾಗಿಲು ಹಾಕಿದ ರೂಮಲ್ಲಿ ಕೂತಂಗೆ, ಗಾಳಿ ಸದ್ದೇ ಇಲ್ಲ. ಮುಂದಿನ ಗುಂಪಿನೋರು ಒಬ್ಬರನ್ನೊಬ್ಬರು ನೋಡ್ಕೊಂಡು ಸ್ವಲ್ಪ ಮೆಲ್ಲಗೆ ಹೋಗಿದಾರೆ ಅನ್ಸುತ್ತೆ, ಕೊನೇ ಏರಿನ ಬುಡಕ್ಕೆ ಬಂದಾಗ ಗ್ಯಾಪ್ 15:20ಕ್ಕೆ ಇಳಿದಿತ್ತು.

ಆದ್ರೆ ನಾನು ಜಾಸ್ತಿ ಎಳೆದಿದ್ದೆ. ಎರಡು ಪಾಲು ಸರದಿ ನನ್ನದೇ, ಸ್ಪ್ರಿಂಟರಿಗೆ ಕಾಲು ಉಳೀಲಿ ಅಂತ. ನನ್ನ ಕೊನೇ ಬಾಟಲಿ, ಕೊನೇ ರೈಸ್ ಕೇಕ್ ಎರಡೂ ಅವನಿಗೇ ಕೊಟ್ಟಿದ್ದೆ. 90 ಗ್ರಾಂ ಲೆಕ್ಕ ಎಲ್ಲೋ ಮರ್ತುಹೋಗಿತ್ತು, ಆ ದಿನ ಗಂಟೆಗೆ 60 ಹೋಗಿದ್ರೆ ಜಾಸ್ತಿ.

11 ಕಿಮೀ ಏರು, ಏಳು ಪರ್ಸೆಂಟ್, 770 ಮೀಟರ್ ಎತ್ತರ. ನಮ್ಮ ಕೈಲಿರೋದು 43 ನಿಮಿಷ ಚಿಲ್ಲರೆ, ಅಂದ್ರೆ ಗಂಟೆಗೆ 1050 ಮೀಟರ್ ಎತ್ತರ ಹತ್ತಬೇಕು, ಗಂಟೆಗೆ 15 ಕಿಮೀ. ಕಂಪ್ಯೂಟರಲ್ಲಿ ಬೇರೆ ಎಲ್ಲಾ ಬಿಟ್ಟು ಸ್ಪೀಡ್ ಒಂದನ್ನೇ ನೋಡ್ತಾ ಕೂತೆ. 15 ಇದ್ರೆ ಬದುಕು, 14 ಆದ್ರೆ ಮನೆಗೆ. ನನ್ನ ತೂಕಕ್ಕೆ 265 ವ್ಯಾಟ್, ಫ್ರೆಶ್ ಇದ್ದಾಗ ಮಾತಾಡ್ಕೊಂಡು ತುಳಿಯೋ ನಂಬರ್, ಅವತ್ತು ಅದೇ ಗಂಟಲಿಗೆ ಬಂತು. ಸ್ಪ್ರಿಂಟರಿಗೆ 300ರ ಮೇಲೆ. ಅವನು ಮಾತಾಡ್ತಿರ್ಲಿಲ್ಲ, ನನ್ನ ಹಿಂದಿನ ಚಕ್ರದ ಮೇಲೆ ಕಣ್ಣು ನೆಟ್ಕೊಂಡು ತುಳೀತಿದ್ದ, ಉಸಿರಿನ ಸದ್ದು ಮಾತ್ರ ಹಳೇ ಪಂಪ್ ತರ ಬರ್ತಿತ್ತು. ಅವನಿಗೆ ಹುರುಪು ಬರ್ಲಿ ಅಂತ 2024ರ ಟೂರ್ ಕಥೆ ಹೇಳಕ್ಕೆ ಹೋದೆ, ಮೊದಲ ದಿನವೇ ವಾಂತಿ ಮಾಡ್ಕೊಂಡು ಟೀಮಿನೋರ ಜೊತೆ ಕಟ್ ಒಳಗೆ ಬಂದ ಕ್ಯಾವೆಂಡಿಶ್ ಐದನೇ ಸ್ಟೇಜಲ್ಲಿ ಗೆದ್ದು 35 ಸ್ಟೇಜಿನ ದಾಖಲೆ ಮಾಡಿದ್ನಲ್ಲಾ ಅಂತ. "ಬಾಯ್ ಮುಚ್ಕೊಂಡ್ ತುಳಿಯೋ" ಅಂದ. ಸರಿಯೇ.

ತುದಿಗೆ ಇನ್ನೂ 4 ಕಿಮೀ ಇದ್ದಾಗ ನನ್ನ ಕಣ್ಣಂಚು ಕತ್ತಲಾಗಕ್ಕೆ ಶುರುವಾಯ್ತು. ಬಾಂಕ್, ಅಂದ್ರೆ ಮೈಯಲ್ಲಿ ಸಕ್ಕರೆ ಖಾಲಿ. ಕೈ ತಣ್ಣಗೆ, ಬೆವರು ನಿಂತುಹೋಯ್ತು, ಸ್ಪೀಡ್ 15ರಿಂದ 13. ಸ್ಪ್ರಿಂಟರ್ ತಿರುಗಿ ನೋಡ್ದ, ಹೋಗು ಅಂತ ಕೈ ಮಾಡ್ದೆ. ಅವನು ಇನ್ನೊಂದು ಟೀಮಿನವನ ಚಕ್ರ ಹಿಡ್ಕೊಂಡು ಹೋದ. ಹತ್ತು ಮೀಟರ್, ಇಪ್ಪತ್ತು ಮೀಟರ್. ಆಗ ಪಕ್ಕದಲ್ಲಿ ಒಂದು ಕೈ ಬಂತು, ಅದರಲ್ಲೊಂದು ಸಕ್ಕರೆ ಜೆಲ್ ಪ್ಯಾಕೆಟ್, ಬಾಯಿ ಹರಿದೇ ಇತ್ತು. ಎರಡನೇ ದಿನ ಗಾಳಿಯಲ್ಲಿ ಮೊದಲ ಬಾಟಲಿ ತಗೊಂಡಿದ್ದ ಹುಡುಗ. ಏನೂ ಮಾತಾಡ್ಲಿಲ್ಲ, ಕೊಟ್ಟು ಮುಂದೆ ಹೋದ. ಕಾರಿಂದ ಕೊನೇ 20 ಕಿಮೀಯಲ್ಲಿ ತಿನ್ನಕ್ಕೆ ಕೊಡೋ ಹಾಗಿಲ್ಲ, ನಮಗಂತೂ ಕಾರೇ ಇರ್ಲಿಲ್ಲ, ಆ ಜೆಲ್ ಬಿಟ್ರೆ ನನಗೆ ಅಲ್ಲಿ ಬೇರೆ ಗತಿ ಇರ್ಲಿಲ್ಲ. ಜೆಲ್ ಕೆಲಸ ಮಾಡಕ್ಕೆ ಹತ್ತು ನಿಮಿಷನಾದ್ರೂ ಬೇಕು ಅಂತ ಪುಸ್ತಕ ಹೇಳ್ಬೋದು, ನನಗೆ ಬಾಯಲ್ಲಿ ಸಿಹಿ ತಾಗಿದ ಕೂಡ್ಲೇ ತಲೆ ನೆಟ್ಟಗಾಯ್ತು. ಸ್ಪೀಡ್ ಮತ್ತೆ 14, 14 ಅರ್ಧ.

ಹಿಂದೆ ಬ್ರೂಮ್ ವ್ಯಾಗನ್ ಸದ್ದು ಕೇಳ್ತಿತ್ತು. ಬಿಟ್ಟವರನ್ನ ಗುಡಿಸ್ಕೊಂಡು ಬರೋ ಗಾಡಿ, 1910ರ ಟೂರಲ್ಲಿ ಪೈರೆನೀಸ್ ಬೆಟ್ಟಕ್ಕೆ ಮೊದಲ ಸಲ ಹೋದಾಗಿಂದ ಇದೆ. ಡೀಸೆಲ್ ಇಂಜಿನ್ ಮೊದಲ ಗೇರಲ್ಲಿ ಗೊರ ಗೊರ ಅನ್ನುತ್ತೆ, ಅವಸರವೇ ಇಲ್ಲ ಅದಕ್ಕೆ. ಕೊನೇ ಕಿಲೋಮೀಟರಿನ ಕಮಾನು ಕೆಳಗೆ ಕಂಪ್ಯೂಟರ್ ನೋಡ್ದೆ, 9 ನಿಮಿಷ ಕಳೆದು, 4:27 ಅಂತ ಲೆಕ್ಕ. ಆಮೇಲೆ ಏನೂ ನೋಡ್ಲಿಲ್ಲ.

ಗೆದ್ದೋನ ಟೈಮ್ 4:02:00. ಕಟ್ 4:31:02. ಸ್ಪ್ರಿಂಟರ್ 4:30:10. ನಾನು 4:30:51. ಹನ್ನೊಂದು ಸೆಕೆಂಡ್. ಬ್ಯಾರಿಕೇಡ್ ಹಿಡ್ಕೊಂಡು ನಿಂತಿದ್ದೆ, ನಮ್ಮ ಊಟ, ಮಸಾಜ್ ನೋಡ್ಕೊಳ್ಳೋ ಸ್ವಾನಿ ಬಂದು ಕೋಲಾ ಕ್ಯಾನ್ ಕೈಗಿಟ್ರು, ಹಿಡ್ಕೊಳಕ್ಕಾಗದೆ ಬಿತ್ತು. ನನ್ನ ಹಿಂದಿದ್ದ ಆರು ಜನ ಔಟ್. ಅದರಲ್ಲೊಬ್ಬ ಬೆಳಗ್ಗೆಯಿಂದ ವಾಂತಿ ಮಾಡ್ತಾ ಬಂದವನು, ಕಟ್ ಮೀರಿ ಒಂದೂವರೆ ನಿಮಿಷಕ್ಕೆ ಬಂದ. ಸೈಕಲಿಂದ ಇಳಿದು ಅಲ್ಲೇ ಕೂತು ಶೂ ಬಿಚ್ಚಿದ, ಜರ್ಸಿ ಪಿನ್ ಒಂದೊಂದೇ ತೆಗೆದು ನಂಬರ್ ಮಡಚಿ ಜೇಬಿಗಿಟ್ಕೊಂಡ. "34 ಜನರನ್ನ ಹೊರಗೆ ಹಾಕ್ತಾರಾ" ಅಂದವನು ನನಗಿಂತ ಒಂದು ನಿಮಿಷ ಮುಂಚೆ ಬಂದು ಕೇಕ್ ತಿಂತಾ ಕೂತಿದ್ದ, ಅದು ಬೇರೆ ವಿಷ್ಯ.

ಐದನೇ ದಿನ ಫ್ಲಾಟ್, ಎಲ್ಲಾ ಪ್ಲಾನ್ ಪ್ರಕಾರ ನಡೀತು. 60 ಕಿಮೀ ನಾನು ಮುಂದೆ ಎಳೆದೆ, ಮುಂದೆ ತಪ್ಪಿಸ್ಕೊಂಡು ಹೋಗಿದ್ದ ಬ್ರೇಕ್‌ಅವೇ ಹಿಡಿದ್ವಿ, 5 ಕಿಮೀ ಇದ್ದಾಗ ಟೀಮಲ್ಲಿ ಉಳಿದಿದ್ದ ನಾಲ್ಕೂ ಜನ ಸಾಲಾಗಿ ಮುಂದಿದ್ವಿ. ನನ್ನ ಕೆಲಸ ಮುಗಿದು ಪಕ್ಕಕ್ಕೆ ಸರಿದೆ. ಫಿನಿಶಿಗೆ 1.6 ಕಿಮೀ ಇದ್ದಾಗ ಸ್ಪ್ರಿಂಟರಿನ ಹಿಂದಿನ ಚಕ್ರ ಪಂಕ್ಚರ್. ಕೊನೇ 3 ಕಿಮೀ ಒಳಗೆ ಪಂಕ್ಚರ್ ಆದ್ರೆ ಆಗ ಯಾವ ಗುಂಪಲ್ಲಿದ್ದನೋ ಅದೇ ಗುಂಪಿನ ಟೈಮ್ ಕೊಡ್ತಾರೆ, ಬೆಟ್ಟದ ಫಿನಿಶ್ ಮತ್ತೆ ಟೈಮ್ ಟ್ರಯಲ್ ಬಿಟ್ರೆ. ಟೈಮ್ ಕೊಡ್ತಾರೆ ನಿಜ, ಸ್ಪ್ರಿಂಟ್ ಕೊಡಲ್ಲ. ನಾನು ಹಿಂದಿನಿಂದ ಬರುವಾಗ ಅವನು ರಸ್ತೆ ಪಕ್ಕ ಒಂದು ಕಾಲು ಊರಿ ನಿಂತಿದ್ದ, ಇಬ್ಬರೂ ಕೊನೆಗೆ ಜೊತೇಲೇ ತುಳ್ಕೊಂಡು ಬಂದ್ವಿ, ಅವನು ರಿಮ್ ಮೇಲೆ ಕಟಕಟ ಅನ್ನಿಸ್ಕೊಂಡು. ದಾರೀಲಿ ನೀರು ಕೇಳ್ದ. ಕೊಟ್ಟೆ.

ಆಮೇಲಿನ ರೇಸಿಗೆ ಬದ್ಲಾಯಿಸಿದ್ದು ಕೆಲವೇ ವಿಷ್ಯ. ಹಿಂದಿನ ಚಕ್ರಕ್ಕೆ 34 ಹಲ್ಲಿನ ಕ್ಯಾಸೆಟ್, ಏರಲ್ಲಿ ಹಗುರ ಗೇರು ಸಿಗ್ಲಿ ಅಂತ, ಮರ್ಯಾದೆ ಹೋದ್ರೆ ಹೋಗ್ಲಿ. ಬಾಟಲಿಗೆ ಹೋಗೋ ಮುಂಚೆ ರೋಡ್‌ಬುಕ್ ನೋಡೋದು, ತಿರುವಿಗೆ 15 ಕಿಮೀಗಿಂತ ಕಮ್ಮಿ ಇದ್ರೆ ಯಾರು ಏನೇ ಅಲ್ಲಾಡಿಸ್ಲಿ ಹೋಗಲ್ಲ. ಒಂದು ಜೆಲ್ ಶಾರ್ಟ್ಸ್ ಕಾಲಿನೊಳಗೆ ಸಿಕ್ಕಿಸಿರ್ತೀನಿ, ಅದು ಯಾರಿಗೂ ಇಲ್ಲ, ಲೀಡರ್ ಕೇಳಿದ್ರೂ ಇಲ್ಲ. ಕಿಲೋಮೀಟರ್ ಸೊನ್ನೆಯಲ್ಲಿ ಲ್ಯಾಪ್ ಬಟನ್. ಮತ್ತೆ ಬೆಟ್ಟದ ಸ್ಟೇಜ್ ಹಿಂದಿನ ರಾತ್ರಿ ಬಿಳಿ ಟೇಪಿನ ಮೇಲೆ ಎರಡು ಸಾಲು ಬರೆದು ಹ್ಯಾಂಡಲ್ ಹಿಡಿದಿರೋ ಸ್ಟೆಮ್ಮಿಗೆ ಅಂಟಿಸ್ತೀನಿ, ಎಡಗಡೆ ಗೆಲ್ಲೋನ ಟೈಮ್, ಬಲಗಡೆ ಬಾಗಿಲು ಮುಚ್ಚೋ ಟೈಮ್: 4:00 ಆದ್ರೆ 4:28:48, 4:05 ಆದ್ರೆ 4:34:24, ಹೀಗೆ ಐದೈದು ನಿಮಿಷಕ್ಕೆ. ಬಸ್ಸಲ್ಲಿ ಈಗ ಜನ ನನ್ನ ಪಕ್ಕ ಬಂದು ಬಗ್ಗಿ ಓದ್ಕೊಂಡು ಹೋಗ್ತಾರೆ. ಹೋದ ರೇಸಿನ ಟೇಪು ಇನ್ನೂ ಕಿತ್ತಿಲ್ಲ, ಬೆವರಿಗೆ ಇಂಕು ಹರಡಿದೆ, 4:05ರ ಸಾಲು ಮಾತ್ರ ಓದಕ್ಕಾಗುತ್ತೆ.